ಸೀರೆ, ಕುಬಸ ಮತ್ತು ಒಂಬತ್ತು ಎಕರೆ

ಬೀಳಗಿಯಲ್ಲಿ ಬಾಂಡ್ ಬರೆಯುವುದು ನನ್ನ ಕಸುಬು. ಬಾಡಗಂಡಿ ಕಡೆಯವರಿಗೆ ನಾನು ಹೆಚ್ಚಾಗಿ ಬರೆದುಕೊಟ್ಟದ್ದು ಹಕ್ಕುಬಿಡುಗಡೆ ಪತ್ರ. ತವರಿನ ಹೊಲದಲ್ಲಿರುವ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟೆನೆಂದು ಹೆಣ್ಣುಮಕ್ಕಳು ಹೆಬ್ಬಟ್ಟು ಒತ್ತುವ ಕಾಗದ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂಬ ಸಾಲು ಎಲ್ಲದರಲ್ಲೂ ಇರುತ್ತದೆ.

ನಮ್ಮ ಅಜ್ಜಂದಿರ ಕಾಲಕ್ಕೆ ಇಂಥ ಕಾಗದವೇ ಬೇಕಿರಲಿಲ್ಲ. ಬಿಡಲು ಪಾಲಿದ್ದರೆ ತಾನೆ? ಆಗ ನಮ್ಮದು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆ. ಗಂಡುಮಕ್ಕಳಿದ್ದ ಮನೆಯಲ್ಲಿ ಮಗಳಿಗೆ ಹೊಲವಿಲ್ಲ. ಗಂಡುಮಕ್ಕಳೇ ಇಲ್ಲದಿದ್ದರೆ ತಾಯಿಯ ತರುವಾಯ ಆಸ್ತಿ ಮಗಳಿಗೆ ಬರುತ್ತಿತ್ತು, ಅದೂ ಪೂರ್ತಿ ಒಡೆತನದಲ್ಲಿ; ದೇಶದ ಬೇರೆ ಕಡೆ ಅವಳಿಗೆ ಬದುಕಿರುವವರೆಗೆ ಉಣ್ಣುವ ಹಕ್ಕಷ್ಟೇ. ಮುಂಬೈ ಕೋರ್ಟುಗಳ ಈ ಔದಾರ್ಯ ನಮ್ಮವರಿಗೆ ಅಷ್ಟಾಗಿ ನೆನಪಿಲ್ಲ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಹಕ್ಕಿಗೆಂದೇ ಕಾಯ್ದೆ ಮಾಡಿತು, ಆದರೆ ಅದು ನಮ್ಮ ಸೀಮೆಯದಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನೂ ವಾರಸುದಾರಳೆಂದಿತು. ಲೆಕ್ಕ ಹಾಕಿದರೆ ಅದರ ಹೂರಣ ತಿಳಿಯುತ್ತದೆ. ಪಿತ್ರಾರ್ಜಿತ ಒಂಬತ್ತು ಎಕರೆ, ತಾಯಿ ಇಲ್ಲ, ಇಬ್ಬರು ಗಂಡು, ಒಬ್ಬಳು ಹೆಣ್ಣು ಎನ್ನಿ. ಮೊದಲು ಅಪ್ಪನಿಗೆ, ಇಬ್ಬರು ಮಕ್ಕಳಿಗೆ ಮೂರು ಮೂರು ಎಕರೆ. ಅಪ್ಪ ತೀರಿದ ಮೇಲೆ ಅವನ ಮೂರು ಎಕರೆಯಲ್ಲಿ ಎಲ್ಲರಿಗೂ ಒಂದೊಂದು. ಗಂಡುಮಕ್ಕಳಿಗೆ ನಾಲ್ಕು ನಾಲ್ಕು, ಮಗಳಿಗೆ ಒಂದು.

1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಆ ಒಂದನ್ನು ಮೂರು ಮಾಡಿತು. ಆದರೆ ಆ ತಾರೀಖಿನ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕನಿಗಿಲ್ಲ, ತಂಗಿಗುಂಟು! ಇಂಥ ಕಾನೂನು ಬರೆದವರು ಮದುವೆಯಾದ ಅಕ್ಕಂದಿರ ಮುಖ ನೋಡಿದ್ದರೋ ಇಲ್ಲವೋ.

ಅದೇ ಹೊತ್ತಿಗೆ ಆಲಮಟ್ಟಿ ಹಿನ್ನೀರಿಗೆಂದು ಹೊಳೆದಂಡೆಯ ಹೊಲಗಳ ಸ್ವಾಧೀನ ನಡೆದಿತ್ತು. 2000ರಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟಿಗೆ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ಒಪ್ಪಿತು. ಪರಿಹಾರದ ಹಣ ಉತಾರದಲ್ಲಿ ಹೆಸರಿದ್ದವರಿಗೆ. ಪಾಲುದಾರರಲ್ಲಿ ತಕರಾರೆದ್ದರೆ ಅದು ಕೋರ್ಟಿನ ಠೇವಣಿಗೆ ಹೋಗುತ್ತದೆ. ಹೀಗಾಗಿ ವರ್ಷಗಟ್ಟಲೆ ಕರೆಯದ ತಂಗಿಯರನ್ನೂ ಅಣ್ಣಂದಿರು ಗಾಡಿ ಮಾಡಿ ಕರೆತಂದರು. ಹೆಬ್ಬಟ್ಟು ಒತ್ತಿಸಿದರು, ಸೀರೆ-ಕುಬಸ ಕೊಟ್ಟು ಉಡಿ ತುಂಬಿ ಕಳಿಸಿದರು.

ಈ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಇಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಒಬ್ಬ ಹೆಣ್ಣುಮಗಳು ನನಗೇ ತಿರುಗಿ ಕೇಳಿದಳು: “ಹೊಲಾ ಇಸ್ಕೊಂಡ್ರ ಪಂಚಮಿಗಿ ಕರಿಯಾಕ ಯಾರ ಬರ್ತಾರ್ರಿ ಅಣ್ಣಾರ?” ಗಂಡ ಹೊಡೆದರೆ, ಸತ್ತರೆ, ಬಿಟ್ಟರೆ ಹೋಗಿ ನಿಲ್ಲಲು ಇರುವುದು ಅದೊಂದೇ ಬಾಗಿಲು. ಒಂದು ಎಕರೆಗಾಗಿ ಅದನ್ನು ಮುಚ್ಚಿಕೊಳ್ಳುವುದು ಲುಕ್ಸಾನು. ಆದರೆ ಇಂಥ ಲೆಕ್ಕ ಹಾಕುವ ಗತಿ ಅವಳ ಅಣ್ಣನಿಗೆ ಯಾವತ್ತೂ ಬರಲಿಲ್ಲ.

ಚೀನಾದ್ದೂ ಇದೇ ಕಥೆ. 1950ರ ಮದುವೆ ಕಾಯ್ದೆ, ಅದೇ ವರ್ಷದ ಭೂಸುಧಾರಣೆ ಹೆಂಗಸರಿಗೂ ಹಕ್ಕು ಕೊಟ್ಟವು. ಮುಂದೆ ಹೊಲ ಊರೊಟ್ಟಿನದಾಯಿತು. ಈಗ ಸರ್ಕಾರ ಭೂಮಿ ಹಿಡಿದಾಗ ಪರಊರಿಗೆ ಕೊಟ್ಟ ಮಗಳ ಹೆಸರನ್ನು ಎಷ್ಟೋ ಹಳ್ಳಿಗಳು ಪರಿಹಾರದ ಪಟ್ಟಿಯಿಂದ ತೆಗೆಯುತ್ತವೆ. ಕ್ರಾಂತಿ ಕಂಡ ದೇಶದಲ್ಲೂ ಮಗಳು ಕೊಟ್ಟ ಮನೆಯವಳೇ.

2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ಕಿತ್ತುಹಾಕಿತು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಂದೀಚೆಗೆ ಪತ್ರದಲ್ಲಿ ರೂಪಾಯಿ ಮೊತ್ತ ಬರೆಸುವ ತಂಗಿಯರೂ ಬರುತ್ತಿದ್ದಾರೆ. ಪಕ್ಕದಲ್ಲಿ ಅಳಿಯಂದಿರು ನಿಂತು ಸೊನ್ನೆ ಎಣಿಸುತ್ತಾರೆ, ಅದು ಬೇರೆ ಮಾತು. ವಯಸ್ಸಾದ ಅಕ್ಕಂದಿರೂ ಬಂದು ನಮಗೇನಾದರೂ ಉಂಟೇ ಎಂದು ಕೇಳುತ್ತಾರೆ. ನಾನು ಮೊದಲು ಮನೆಯ ವಾಟ್ನಿ ಪತ್ರ, ಅಂದರೆ ಪಾಲುಪತ್ರ, ತರಿಸಿ ತಾರೀಖು ನೋಡುತ್ತೇನೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಅದು ನೋಂದಣಿಯಾಗಿದ್ದರೆ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ, ಬರೆಯುವುದಕ್ಕೆ ಏನೂ ಇರುವುದಿಲ್ಲ.