ಆಂಗ್ಲ ವ್ಯಕ್ತಿನಾಮಗಳು: ಸಾಕ್ಷ್ಯವಾಗಿ ಅವುಗಳ ಮಿತಿ

ಶಾಸನಗಳಲ್ಲಿ ದೊರೆಯುವ ವ್ಯಕ್ತಿನಾಮಗಳ ಆಧಾರದ ಮೇಲೆ ಆಯಾ ವ್ಯಕ್ತಿಗಳ ಕುಲ, ಮತ, ಮೂಲಪ್ರದೇಶಗಳನ್ನು ನಿರ್ಣಯಿಸುವುದು ನಮ್ಮ ಸಂಶೋಧನೆಯಲ್ಲಿ ರೂಢವಾದ ಕ್ರಮ. ಈ ಕ್ರಮ ಎಷ್ಟರಮಟ್ಟಿಗೆ ವಿಶ್ವಸನೀಯವೆಂಬುದನ್ನು ಪರಿಶೀಲಿಸಲು, ದಾಖಲೆಗಳು ಹೇರಳವಾಗಿರುವ ಆಂಗ್ಲಭಾಷಿಕರ ನಾಮಕರಣದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಅವಲೋಕಿಸಬಯಸುತ್ತೇವೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮುನ್ನ ಅಲ್ಲಿ ಗಾಡ್ವಿನ್, ಲಿಯೊಫ್ರಿಕ್ ಮೊದಲಾದ, ಎರಡು ಪದಗಳು ಕೂಡಿ ಆದ ಹೆಸರುಗಳು ಬಳಕೆಯಲ್ಲಿದ್ದವು. ಗೆದ್ದು ಬಂದವರ ಸಂಖ್ಯೆ ಅಲ್ಪ. ಆದರೂ ಹದಿಮೂರನೆಯ ಶತಮಾನದ ಹೊತ್ತಿಗೆ ರೈತಾಪಿ ಜನರೂ ತಮ್ಮ ಮಕ್ಕಳಿಗೆ ವಿಲಿಯಂ, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳನ್ನಿಡುತ್ತಿದ್ದರು. ಇದಕ್ಕೆ ರಾಜಾಜ್ಞೆಯೇನೂ ಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಫಾರ್ನ್ ದ್ವೀಪದಲ್ಲಿ ತಪಸ್ವಿಯಾಗಿದ್ದ ಬಾರ್ಥಲೊಮ್ಯೂ ಎಂಬ ಸಂತನ ಬಾಲ್ಯದ ಹೆಸರು ಟಾಸ್ಟಿಗ್. ಅದು ಸ್ಕ್ಯಾಂಡಿನೇವಿಯನ್ ಮೂಲದ್ದು. ಓರಗೆಯ ಹುಡುಗರು ನಕ್ಕದ್ದರಿಂದ ಅದನ್ನು ವಿಲಿಯಂ ಎಂದು ಬದಲಿಸಲಾಯಿತು. ವಿಜಿತರ ಹೆಸರು ವಿಜೇತರ ಮನೆತನವನ್ನು ಸೇರಿದ್ದೂ ಉಂಟು. 1161ರಲ್ಲಿ ಸಂತಪದವಿಗೇರಿದ ಎಡ್ವರ್ಡ್ ದೊರೆಯ ಮೇಲಣ ಭಕ್ತಿಯಿಂದ ಮೂರನೆಯ ಹೆನ್ರಿಯು 1239ರಲ್ಲಿ ಹುಟ್ಟಿದ ತನ್ನ ಮಗನಿಗೆ ಆ ಹಳೆಯ ಆಂಗ್ಲ ಹೆಸರನ್ನೇ ಇಟ್ಟನು.

ಹದಿನಾರನೆಯ ಶತಮಾನದ ಮತಸುಧಾರಣೆಯ ಅನಂತರ ಪ್ಯೂರಿಟನ್ನರು ಹಳೆಯ ಒಡಂಬಡಿಕೆಯ ಹೆಸರುಗಳತ್ತಲೂ ಸದ್ಗುಣವಾಚಕಗಳತ್ತಲೂ ಒಲಿದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕೆಗೆ ಹೋದ ವಿಲಿಯಂ ಬ್ರೂಸ್ಟರನ ಇಬ್ಬರು ಮಕ್ಕಳ ಹೆಸರು ಲವ್ ಮತ್ತು ರೆಸ್ಲಿಂಗ್, ಎಂದರೆ ಪ್ರೀತಿ ಮತ್ತು ಸೆಣಸಾಟ. ಇಂತಹ ಹೆಸರು ಮತನಿಷ್ಠೆಯನ್ನು ಸಾರುತ್ತದೆ, ನಿಜ. ಆದರೆ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ ಮುಂದಾಳು ವಿಂತ್ರಪನ ಹೆಸರು ಜಾನ್ ಎಂದೇ ಇತ್ತು. ಆ ಕಾಲದಲ್ಲಿ ದೀಕ್ಷಾಸ್ನಾನದ ಸಮಯದ ಧರ್ಮಪಿತೃವಿನ ಹೆಸರನ್ನೇ ಮಗುವಿಗಿಡುವ ವಾಡಿಕೆಯೂ ಪ್ರಬಲವಾಗಿತ್ತು. ಆದುದರಿಂದ ಸಾಮಾನ್ಯವಾದ ಹೆಸರೊಂದನ್ನು ಕಂಡು ಮತನಿಷ್ಠೆಯ ಅಭಾವವನ್ನು ಊಹಿಸಲಾಗದು.

ಹೆಸರೊಂದು ಹರಡಲು ಒಂದೇ ಘಟನೆ ಕಾರಣವೆನ್ನುವಾಗಲೂ ಎಚ್ಚರ ಅಗತ್ಯ. ಆರ್ಥರ್ ರಾಜನ ಕಥಾಚಕ್ರದ ಗ್ವಿನಿವಿಯರ್ ರಾಣಿಯ ಹೆಸರಿನ ಕಾರ್ನ್‌ವಾಲ್ ರೂಪವೇ ಜೆನಿಫರ್. ಅಮೆರಿಕೆಯಲ್ಲಿ 1970ರಿಂದ 1984ರವರೆಗೆ ಹೆಣ್ಣುಮಕ್ಕಳ ಹೆಸರುಗಳಲ್ಲಿ ಇದು ಅಗ್ರಸ್ಥಾನದಲ್ಲಿತ್ತು. 'ಲವ್ ಸ್ಟೋರಿ' ಚಲನಚಿತ್ರದ ನಾಯಿಕೆಯೇ ಇದಕ್ಕೆ ಕಾರಣವೆಂಬ ಮಾತುಂಟು. ಆದರೆ ಆ ಚಿತ್ರ ತೆರೆಕಂಡದ್ದು 1970ರ ಡಿಸೆಂಬರಿನಲ್ಲಿ. ಹೆಸರಾದರೋ 1960ರ ದಶಕದಲ್ಲಿಯೇ ಮೇಲೇರುತ್ತ ಬಂದಿತ್ತು. ಚಿತ್ರವು ಅದಾಗಲೇ ಹರಡುತ್ತಿದ್ದ ಅಭಿರುಚಿಯೊಂದನ್ನು ಬಳಸಿಕೊಂಡಿತೆನ್ನುವುದೇ ಯುಕ್ತ.

ತಂದೆತಾಯಿಗಳು ಯಾರಂತಾಗಲು, ಯಾರೊಡನೆ ಗುರುತಿಸಿಕೊಳ್ಳಲು ಬಯಸಿದರು ಎಂಬುದನ್ನು ವ್ಯಕ್ತಿನಾಮವು ಸೂಚಿಸಬಲ್ಲದು. ಅವರು ಯಾವ ಕುಲದಲ್ಲಿ ಹುಟ್ಟಿದರೆಂಬುದಕ್ಕೆ ಅದೊಂದೇ ಪ್ರಮಾಣವಾಗಲಾರದು. ಶಾಸನವೊಂದರಲ್ಲಿ ಹೊರನಾಡಿನ ಹೆಸರು ಕಂಡಾಗ ವಲಸೆಯನ್ನು ಊಹಿಸುವ ಮುನ್ನ, ಅದೇ ಶಾಸನದಲ್ಲಿ ಬರುವ ತಂದೆ, ಅಜ್ಜಂದಿರ ಹೆಸರುಗಳನ್ನೂ ವೃತ್ತಿ, ಊರುಗಳ ಉಲ್ಲೇಖಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.