ಚಿಟ್ಟಾ, ಅಡಂಗಲ್, ಪಹಣಿ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯಲ್ಲಿ ದಾಖಲೆಗಳ ನಂಟು

ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 1800ರಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ಸೇರಿದ್ದವು. 1807ರವರೆಗೆ ಅಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ, ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಈ ಸೀಮೆಯಲ್ಲಿ ಗಟ್ಟಿಯಾದ ನೆಲೆ ಒದಗಿಸಿದನು. ಇಡೀ ಊರಿಗೆ ಒಟ್ಟು ಮೊತ್ತವೊಂದನ್ನು ಕಟ್ಟಿದ್ದರೆ ಒಂದೇ ಪಟ್ಟಿ ಸಾಕಾಗುತ್ತಿತ್ತು. ರೈತವಾರಿಯಲ್ಲಾದರೋ ರೈತರದೊಂದು ಪಟ್ಟಿ, ಹೊಲಗಳದೊಂದು ಪಟ್ಟಿ, ಇವೆರಡನ್ನೂ ಬೆಸೆಯುವ ನಂಟು ಎಂಬ ಮೂರೂ ಬೇಕಾದವು.

ಈ ನಂಟನ್ನು ಕಾಯುತ್ತಿದ್ದವನು ಊರಿನ ಕರಣಂ, ಅಂದರೆ ಲೆಕ್ಕಿಗ. ಮದ್ರಾಸ್ ಪ್ರಾಂತದ ಪದ್ಧತಿಯಂತೆ ಒಬ್ಬ ರೈತನಿಗೆ ಯಾವ ಯಾವ ಹೊಲಗಳಿವೆ ಎಂಬುದನ್ನು ಚಿಟ್ಟಾ ಎಂಬ ಲೆಕ್ಕ ತೋರಿಸಿದರೆ, ಪ್ರತಿಯೊಂದು ಸರ್ವೆ ನಂಬರನ್ನು ಯಾರು ಹಿಡಿದಿದ್ದಾರೆ, ಆ ವರ್ಷ ಏನು ಬೆಳೆ ಎಂಬುದನ್ನು ಅಡಂಗಲ್ ತೋರಿಸುತ್ತಿತ್ತು. ಒಬ್ಬನಿಗೆ ಹಲವು ಹೊಲಗಳಿರುವಂತೆ ಒಂದು ಹೊಲಕ್ಕೆ ಹಲವು ಪಾಲುದಾರರೂ ಇರುವುದರಿಂದ ಒಂದೇ ಸಂಬಂಧವನ್ನು ಎರಡು ಕಡೆಯಿಂದಲೂ ಬರೆದಿಡಬೇಕಾಯಿತು. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ತಿದ್ದದೆ ಬಿಟ್ಟರೆ ಎರಡು ಪುಸ್ತಕಗಳು ಎರಡು ಮಾತು ಹೇಳುತ್ತಿದ್ದವು.

1970ರಲ್ಲಿ ಇ. ಎಫ್. ಕಾಡ್ ಮಂಡಿಸಿದ ಸಂಬಂಧಾತ್ಮಕ ದತ್ತಾಂಶದ ಸಿದ್ಧಾಂತ ಈ ಬಗೆಯ ತೊಡಕನ್ನೇ ಬಿಡಿಸಲು ಹೊರಟಿತು: ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಉಳಿದೆಡೆ ಅದರ ಗುರುತಿನ ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳಬೇಕು. ಹಾಗೆ ಇಟ್ಟ ಸಂಖ್ಯೆಯನ್ನು ಫಾರಿನ್ ಕೀ ಎನ್ನುತ್ತಾರೆ; 2005ರಲ್ಲಿ ಬಿಡುಗಡೆಯಾದ, ಪೈಥಾನ್ ಎಂಬ ಗಣಕ ಭಾಷೆಯ ಜ್ಯಾಂಗೊ ಚೌಕಟ್ಟಿನ ಆಡಳಿತ ಫಲಕವೂ, ಅಂದರೆ ದಾಖಲೆಗಳನ್ನು ನೋಡಿ ತಿದ್ದುವ ಪರದೆಯೂ, ಇದನ್ನೇ ಬಳಸುತ್ತದೆ. ರೈತ–ಹೊಲಗಳಂಥ ಹಲವಕ್ಕೆ ಹಲವು ಸಂಬಂಧಕ್ಕೆ ನಡುವೆ ಮೂರನೆಯ ಕೋಷ್ಟಕ ಬೇಕಾಗುತ್ತದೆ. ಪಾಲು ಎಷ್ಟು, ಅದು ಹೇಗೆ ಬಂತು ಎಂಬ ವಿವರಗಳಿಗೆ ಅಲ್ಲಿಯೇ ಜಾಗ.

ಈ ತಾಲ್ಲೂಕುಗಳಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿ, ಭೂಕಂದಾಯ ಕಾಯ್ದೆ 1964ರಲ್ಲಿ ಜಾರಿಗೆ ಬಂದ ಮೇಲೆ, ಹಕ್ಕು, ಗೇಣಿ ಮತ್ತು ಬೆಳೆ ಮೂರೂ ಒಂದೇ ಹಾಳೆಯಲ್ಲಿ ಸೇರುವ ಪಹಣಿ ಇಲ್ಲಿಯೂ ರೂಢಿಯಾಯಿತು. ಅದರ 9ನೆಯ ಕಾಲಂ ಖಾತೆದಾರನ ಹೆಸರು ಮತ್ತು ವಿಸ್ತೀರ್ಣವನ್ನು, 10ನೆಯದು ಆ ಹಕ್ಕು ಬಂದ ಬಗೆಯನ್ನು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ವಹಿ) ಸಂಖ್ಯೆಯ ಸಮೇತ, 11ನೆಯದು ಸಾಲ ಮುಂತಾದ ಋಣಗಳನ್ನು ಹೇಳುತ್ತದೆ. ಹಾಗಾಗಿ ಗಣಕಯಂತ್ರ ಬರುವ ಮುಂಚೆಯೇ ಪಹಣಿಯೊಳಗೆ ಆ ನಡುವಿನ ಕೋಷ್ಟಕ ಅಡಗಿತ್ತು ಎನ್ನಬಹುದು. 2002ರ ಹೊತ್ತಿಗೆ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕೇ ಹೊರತು, ಅವನ ಹೆಸರಿನೊಡನೆ ಹೊಲದ ದಾಖಲೆಯೂ ಅಳಿಯಬಾರದು. ಜ್ಯಾಂಗೊದ 2.0ನೆಯ ಆವೃತ್ತಿಯಿಂದ ಫಾರಿನ್ ಕೀ ಬರೆಯುವಾಗ, ಮೂಲ ದಾಖಲೆ ಅಳಿದರೆ ಅದಕ್ಕೆ ಅಂಟಿದ್ದು ಏನಾಗಬೇಕೆಂದು ಹೇಳುವುದು ಕಡ್ಡಾಯವಾಗಿದೆ. ಇದು ಬಹು ಒಳ್ಳೆಯ ಕಟ್ಟಳೆ.

ಊರುಗಳ ನಂಟು ಇದಕ್ಕಿಂತ ಕಠಿಣ. ಹಳ್ಳಿ ಹೋಬಳಿಗೆ, ಹೋಬಳಿ ತಾಲ್ಲೂಕಿಗೆ, ತಾಲ್ಲೂಕು ಜಿಲ್ಲೆಗೆ ಅಂಟಿರುವುದರಿಂದ, ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾದಾಗ ಹೋಬಳಿಯ ಕೊಂಡಿಯೊಂದನ್ನು ಬದಲಿಸಿದರೆ ಹಳ್ಳಿಗಳೆಲ್ಲ ಹಿಂದೆಯೇ ಸಾಗುತ್ತವೆ ಎಂದು ತೋರಬಹುದು. ಆದರೆ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಎರಡು ದಶಕಗಳ ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಕೊಂಡಿಯನ್ನು ಅಳಿಸಿ ಹೊಸದನ್ನು ಹಾಕಿಬಿಟ್ಟರೆ 2005ರ ಕ್ರಯಪತ್ರವೂ ವಿಜಯನಗರದ್ದೆಂದೇ ಕಾಣುತ್ತದೆ. ಇದು ಹೆಸರಿನ ಮಾತಷ್ಟೇ ಅಲ್ಲ: 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆಗೆ ಮೀಸಲಾತಿ ದೊರೆಯಿತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಆದ್ದರಿಂದ ತಾಲ್ಲೂಕು ಮತ್ತು ಜಿಲ್ಲೆಗಳ ನಡುವೆಯೂ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ಎರಡು ಕಾಲಂಗಳಿರುವ ಕೋಷ್ಟಕವನ್ನೇ ಇಡಬೇಕಾಗುತ್ತದೆ.