ಒಂದೇ ತಂತಿಯ ಬಳಗ



ನಿಮ್ಮ ಕಾಲೇಜಿನ ಬಾಗಿಲ ಬಳಿ ಒಂದು ಸೂಚನಾ ಫಲಕ ಇದ್ದೇ ಇರುತ್ತದೆ. ಪರೀಕ್ಷೆಯ ವೇಳಾಪಟ್ಟಿ, ಕಳೆದುಹೋದ ಗುರುತಿನ ಚೀಟಿಯ ಸುದ್ದಿ, ಚಾರಣಕ್ಕೆ ಹೊರಟವರ ಕರೆ, ಎಲ್ಲವೂ ಗುಂಡುಪಿನ್ನಿನ ಆಸರೆಯಲ್ಲಿ ಅಲ್ಲಿ ತೂಗುತ್ತಿರುತ್ತವೆ. ಒಬ್ಬರು ಬರೆದು ಚುಚ್ಚಿ ಹೋಗುತ್ತಾರೆ. ಇನ್ನೊಬ್ಬರು ಬಿಡುವಾದಾಗ ಬಂದು ಓದುತ್ತಾರೆ. ಇಬ್ಬರೂ ಒಂದೇ ಹೊತ್ತಿಗೆ ಅಲ್ಲಿರಬೇಕಿಲ್ಲ. ಕಂಪ್ಯೂಟರಿನ ಮೂಲಕ ಕೂಡಿದ ಮೊದಮೊದಲ ಹವ್ಯಾಸಿ ಬಳಗವೊಂದು ಹುಟ್ಟಿದ್ದು ಇಂಥ ಫಲಕವನ್ನು ಕಂಡೇ.

1978ರ ಜನವರಿ. ಅಮೆರಿಕದ ಶಿಕಾಗೋ ನಗರದಲ್ಲಿ ಭಾರಿ ಹಿಮಪಾತ, ಹೊರಗೆ ಹೋಗುವಂತಿಲ್ಲ. ಐಬಿಎಂ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ವಾರ್ಡ್ ಕ್ರಿಸ್ಟೆನ್ಸನ್ ಮನೆಯಿಂದಲೇ ತಮ್ಮ ಗೆಳೆಯ ರಾಂಡಿ ಸ್ಯೂಸ್ ಅವರಿಗೆ ಫೋನ್ ಮಾಡಿದರು. ಇಬ್ಬರೂ ಆ ಊರಿನ ಕಂಪ್ಯೂಟರ್ ಹವ್ಯಾಸಿಗಳ ಸಂಘದ ಸದಸ್ಯರು. ಸಂಘದ ಹಲಗೆಯ ಮೇಲೆ ಸದಸ್ಯರು ಚಿಕ್ಕ ಚಿಕ್ಕ ಚೀಟಿಗಳನ್ನು ಸಿಕ್ಕಿಸುತ್ತಿದ್ದರು: ಇಂಥ ಬಿಡಿಭಾಗ ಮಾರಾಟಕ್ಕಿದೆ, ಮುಂದಿನ ಸಭೆಗೆ ಬರಲು ಯಾರ ಕಾರಿನಲ್ಲಾದರೂ ಜಾಗ ಬೇಕು, ಹೀಗೆ. ಈ ಹಲಗೆಯನ್ನೇ ಕಂಪ್ಯೂಟರಿನೊಳಗೆ ಇಟ್ಟು, ದೂರವಾಣಿಯ ಮೂಲಕ ಎಲ್ಲರೂ ಓದಿ ಬರೆಯುವಂತೆ ಮಾಡಿದರೆ ಹೇಗೆ?

ಸಂಘದ ಮುಂದೆ ಇಟ್ಟು ನೋಡೋಣ ಎಂಬ ಯೋಚನೆಗೆ ಸ್ಯೂಸ್ ಒಪ್ಪಲಿಲ್ಲ. ಸಮಿತಿಯ ಕೈಗೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಯಂತ್ರದ ಭಾಗ ನನ್ನದು, ಪ್ರೋಗ್ರಾಂ ನಿನ್ನದು ಎಂದರು. (ಸರ್ಕಾರಿ ವಾಹಿನಿಯಲ್ಲಿ ಕೆಲಸ ಮಾಡುವ ನನಗೆ ಇದನ್ನು ಓದಿದಾಗ ನಗು ಬಂತು. ಕಾರಣ ನೀವೇ ಊಹಿಸಿಕೊಳ್ಳಿ.) ಕೆಲಸ ಎರಡೇ ವಾರದಲ್ಲಿ ಮುಗಿಯಿತಂತೆ. ಆದರೆ ಯಾರೂ ನಂಬಲಿಕ್ಕಿಲ್ಲವೆಂದು, ಒಂದು ತಿಂಗಳಾಯಿತು ಎಂದು ಹೇಳಿಕೊಂಡರು. ಹೀಗಾಗಿ 1978ರ ಫೆಬ್ರವರಿ 16 ಅದರ ಹುಟ್ಟುಹಬ್ಬವಾಗಿ ಉಳಿಯಿತು. ಹೆಸರು ಸಿಬಿಬಿಎಸ್, ಅಂದರೆ ಕಂಪ್ಯೂಟರಿನೊಳಗಿನ ಸೂಚನಾ ಫಲಕ.

ಅದರ ಕೆಲಸ ಹೇಗೆಂದು ನೋಡಿ. ದೂರವಾಣಿ ತಂತಿ ಇರುವುದು ದನಿಯನ್ನು ಒಯ್ಯಲು. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಸೊನ್ನೆಗೊಂದು ಸ್ವರ, ಒಂದಕ್ಕೊಂದು ಸ್ವರ ಎಂದು ಗೊತ್ತುಮಾಡಿ, ಈ ಕಡೆ ಅಂಕಿಯನ್ನು ಸ್ವರವಾಗಿಸಿ, ಆ ಕಡೆ ಸ್ವರವನ್ನು ಮತ್ತೆ ಅಂಕಿಯಾಗಿಸುವ ಸಾಧನವೇ ಮೋಡೆಮ್. ಅಂದಿನ ಮೋಡೆಮಿನ ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಇಳಿಯುತ್ತಿದ್ದವು, ಬರುತ್ತಿದ್ದಂತೆಯೇ ಓದಬಹುದಿತ್ತು! ಸ್ಯೂಸರ ಮನೆಯಲ್ಲಿದ್ದ ಯಂತ್ರ ಗಂಟೆ ಬಾರಿಸಿದಾಗ ಎಚ್ಚೆತ್ತು, ಪ್ರೋಗ್ರಾಮನ್ನು ಫ್ಲಾಪಿಯಿಂದ ಓದಿಕೊಂಡು ಕರೆಗೆ ಉತ್ತರಿಸುತ್ತಿತ್ತು.

ತಂತಿ ಒಂದೇ. ಒಬ್ಬರು ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್ ಸದ್ದು. ನಮ್ಮ ಸ್ಟುಡಿಯೋದ ನೇರ ಫೋನ್ ಕಾರ್ಯಕ್ರಮದಲ್ಲಿ ಒಬ್ಬರು ಮಾತು ಮುಂದುವರಿಸಿದಾಗಲೆಲ್ಲ, ಆಚೆ ಕಾಯುತ್ತಿರುವವರನ್ನು ನೆನೆದು ನನಗೆ ಚಡಪಡಿಕೆ. ಅಲ್ಲಿಯೂ ಹಾಗೆಯೇ: ಬೇಗ ಓದಿ, ಚಿಕ್ಕದಾಗಿ ಬರೆದು, ಜಾಗ ಬಿಡಬೇಕು. ಫ್ಲಾಪಿಯಲ್ಲಿ ಜಾಗವೂ ಕಡಿಮೆ. ಹಳೆಯದನ್ನು ಅಳಿಸಿದರೆ ಮಾತ್ರ ಹೊಸದಕ್ಕೆ ಎಡೆ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು, ಬೈಗುಳ ಬರೆದು ಹೋಗುವವನನ್ನು ಏನು ಮಾಡಬೇಕು? ಇಂಥ ಫಲಕಗಳಲ್ಲೆಲ್ಲ ಈ ಹೊಣೆ ಯಂತ್ರವಿಟ್ಟುಕೊಂಡ ಮನೆಯವನದೇ. ಅವನನ್ನು 'ಸಿಸಾಪ್' ಎನ್ನುತ್ತಿದ್ದರು. ಸಂಬಳವಿಲ್ಲದ ಕೆಲಸ. ಯಂತ್ರದ ಜಾಣ್ಮೆಗಿಂತ ಈ ಮನುಷ್ಯನ ತಾಳ್ಮೆಯೇ ಬಳಗವನ್ನು ಉಳಿಸುತ್ತಿತ್ತು ಎಂಬುದು ನನ್ನ ಎಣಿಕೆ.

ಇಬ್ಬರೂ ತಮ್ಮ ವಿಧಾನವನ್ನು ಮುಚ್ಚಿಡಲಿಲ್ಲ. 1978ರ ನವೆಂಬರ್ ತಿಂಗಳ 'ಬೈಟ್' ಪತ್ರಿಕೆಯಲ್ಲಿ ಲೇಖನ ಬರೆದರು. ಓದಿದ ಹವ್ಯಾಸಿಗಳು ಶಿಕಾಗೋದ ಫಲಕಕ್ಕೆ ಮುಗಿಬೀಳುವ ಬದಲು ತಮ್ಮ ತಮ್ಮ ಊರಿನಲ್ಲಿ ತಮ್ಮದೇ ಫಲಕ ಕಟ್ಟಿಕೊಂಡರು. ದೂರದ ಕರೆಗೆ ದುಡ್ಡು ಹೆಚ್ಚು. ಆದ್ದರಿಂದ ಪ್ರತಿ ಫಲಕವೂ ಹೆಚ್ಚಾಗಿ ಅಕ್ಕಪಕ್ಕದವರದೇ. ಬೆಳವಣಿಗೆ ಎಂದರೆ ಒಂದು ದೊಡ್ಡದಾಗುವುದಲ್ಲ, ಚಿಕ್ಕವು ಹಲವಾಗುವುದು ಎಂದಾಯಿತು. ಗೊರಗೊರ ಎನ್ನುವ ತಂತಿಯಲ್ಲಿ ಪ್ರೋಗ್ರಾಂ ಕಳಿಸಲು ಕ್ರಿಸ್ಟೆನ್ಸನ್ 1977ರಲ್ಲೇ ಒಂದು ಉಪಾಯ ಮಾಡಿದ್ದರು. 128 ಬೈಟುಗಳ ಒಂದೊಂದು ತುಂಡು ಮಾಡಿ, ಪ್ರತಿ ತುಂಡಿನ ಜೊತೆ ಅದರ ಮೊತ್ತವನ್ನೂ ಕಳಿಸುವುದು. ಪಡೆದವನ ಲೆಕ್ಕ ತಾಳೆಯಾಗದಿದ್ದರೆ ಆ ತುಂಡನ್ನು ಮತ್ತೆ ಕೇಳುವುದು. ಎಕ್ಸ್‌ಮೋಡೆಮ್ ಎಂದು ಹೆಸರಾದ ಇದನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟರು.

1984ರಲ್ಲಿ ಟಾಮ್ ಜೆನ್ನಿಂಗ್ಸ್ ಎಂಬವರು 'ಫಿಡೋನೆಟ್' ಆರಂಭಿಸಿ, ಬಿಡಿಬಿಡಿಯಾಗಿದ್ದ ಫಲಕಗಳನ್ನು ಬೆಸೆದರು. ಕರೆಯ ದರ ಇಳಿಯುವ ನಡುರಾತ್ರಿಯಲ್ಲಿ ಒಂದು ಯಂತ್ರ ಇನ್ನೊಂದಕ್ಕೆ ಕರೆಮಾಡಿ ಪತ್ರಗಳನ್ನು ದಾಟಿಸುತ್ತಿತ್ತು. 1990ರ ದಶಕದ ನಡುವಿಗೆ ಇದರಲ್ಲಿ 30,000ಕ್ಕೂ ಹೆಚ್ಚು ಫಲಕಗಳಿದ್ದವು. ನಮ್ಮ ಬೆಂಗಳೂರಿನಲ್ಲೂ ಆ ದಶಕದ ಮೊದಲಿನಲ್ಲಿ ಅತುಲ್ ಚಿಟ್ನಿಸ್ ಅವರು ಸಿ.ಐ.ಎಕ್ಸ್. ಎಂಬ ಫಲಕ ನಡೆಸುತ್ತಿದ್ದರು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು; ಅದಕ್ಕೂ ಮೊದಲಿನ ಮಾತಿದು. ಇದೇ ಚಿಟ್ನಿಸ್ 2001ರಿಂದ ಊರಿನಲ್ಲಿ ಲಿನಕ್ಸ್ ಆಸಕ್ತರ ಸಮ್ಮೇಳನಗಳಿಗೆ ಮುಂದಾಳಾದರು, 2013ರಲ್ಲಿ ತೀರಿಕೊಂಡರು.

ಸ್ಯೂಸ್ 2019ರಲ್ಲಿ, ಕ್ರಿಸ್ಟೆನ್ಸನ್ 2024ರಲ್ಲಿ ಕಾಲವಾದರು. ಅವರ ಆ ಫಲಕ ನಿಲ್ಲುವ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು, ಒಂದು ಮುಗಿದ ಮೇಲೆ ಇನ್ನೊಂದು.